ನಾವು ನಿರಾಶ್ರಿತರಲ್ಲ, ಗೆಳೆಯರೇ!



ಕಳೆದ ಶನಿವಾರ ಸಂಜೆ ಮಿರ್ದಿಫ್‌ನ ನಮ್ಮ ಮನೆಯಂಗಳದಲ್ಲಿ ನಾಲ್ಕೈದು ಗೆಳೆಯರು ಸೇರಿದ್ದೆವು. ತಲೆಯ ಮೇಲೆ ವಿಮಾನ ಹೋಗುವಾಗ ಮಾತು ನಿಲ್ಲಿಸಿ ಕಾಯುವುದು ಇಲ್ಲಿನವರಿಗೆಲ್ಲ ಅಭ್ಯಾಸ. ಸದ್ದು ಅಡಗಿದ ಮೇಲೆ, ಈಚೆಗೆ ಕೆಲಸ ಕಳಕೊಂಡ ಗೆಳೆಯರೊಬ್ಬರು ಅಂದರು: "ವೀಸಾ ಇರೋ ತನಕ ಇಂಜಿನಿಯರ್ರು. ಆಮೇಲೆ ನಾವೂ ನಿರಾಶ್ರಿತರೇ ಬಿಡಿ." ಎಲ್ಲರೂ ನಕ್ಕೆವು. ಆದರೆ ಆ ಮಾತು ನನ್ನ ತಲೆಯಿಂದ ಹೋಗಲಿಲ್ಲ.

ನಿರಾಶ್ರಿತರು ಅಂದರೆ ಯಾರು? ಲೀಲಾ ಪೂನಾವಾಲಾ ಅವರ ಬದುಕನ್ನೇ ನೋಡಿ. ಹುಟ್ಟಿದ್ದು 1944ರಲ್ಲಿ, ಸಿಂಧ್ ಪ್ರಾಂತ್ಯದ ಹೈದರಾಬಾದಿನಲ್ಲಿ. ಚಿಕ್ಕಂದಿನಲ್ಲೇ ತಂದೆ ತೀರಿಕೊಂಡರು. 1947ರಲ್ಲಿ ದೇಶ ಇಬ್ಭಾಗವಾದಾಗ ಮನೆಮಠ ಬಿಟ್ಟು ಪುಣೆಗೆ ಬಂದ ಕುಟುಂಬ ಅದು. ಇಪ್ಪತ್ತು ವರ್ಷ ಕಳೆದು 1967ರಲ್ಲಿ ಅದೇ ಹುಡುಗಿ ಪುಣೆಯ ಸರ್ಕಾರಿ ಇಂಜಿನಿಯರಿಂಗ್ ಕಾಲೇಜಿನಿಂದ ಮೆಕ್ಯಾನಿಕಲ್ ಪದವಿ ಪಡೆದರು. ಮೆಕ್ಯಾನಿಕಲ್ ಓದುವ ಹೆಣ್ಣುಮಕ್ಕಳು ಇಡೀ ದೇಶದಲ್ಲೇ ಬೆರಳೆಣಿಕೆಯಷ್ಟಿದ್ದ ಕಾಲ! ರಸ್ಟನ್ ಅಂಡ್ ಹಾರ್ನ್ಸ್‌ಬಿಯಲ್ಲಿ ಕೆಲಸ ಶುರುಮಾಡಿ, ಆಮೇಲೆ ಸ್ವೀಡನ್ ಮೂಲದ ಆಲ್ಫಾ ಲಾವಲ್‌ನ ಭಾರತದ ಕಂಪನಿಗೆ ಟ್ರೈನಿಯಾಗಿ ಸೇರಿದರು. ಹಾಲಿನಿಂದ ಕೆನೆ ಬೇರ್ಪಡಿಸುವ ಯಂತ್ರದಿಂದ ಹೆಸರು ಮಾಡಿದ ಕಂಪನಿ ಅದು. ಮತ್ತೆ ಇಪ್ಪತ್ತು ವರ್ಷ, 1987ರ ಹೊತ್ತಿಗೆ ಅದೇ ಕಂಪನಿಯ ಮುಖ್ಯಸ್ಥೆ! 1989ರಲ್ಲಿ ಪದ್ಮಶ್ರೀ. ಮುಂದೆ ಬೇರೆ ಕಂಪನಿಗಳ ನಿರ್ದೇಶಕ ಮಂಡಳಿಗಳಲ್ಲೂ ಕೂತರು.

ನೆನಪಿರಲಿ, ಕೆಲವು ಬಗೆಯ ಕಂಪನಿಗಳ ಮಂಡಳಿಯಲ್ಲಿ ಒಬ್ಬ ಮಹಿಳೆಯಾದರೂ ಇರಲೇಬೇಕು ಅಂತ ನಮ್ಮಲ್ಲಿ ಕಾನೂನು ಬಂದಿದ್ದು 2013ರ ಕಂಪನಿ ಕಾಯ್ದೆಯಲ್ಲಿ. ನಮ್ಮ ಸುಧಾ ಮೂರ್ತಿಯವರು 1974ರಲ್ಲಿ ಜೆ.ಆರ್.ಡಿ. ಟಾಟಾ ಅವರಿಗೆ ಪೋಸ್ಟ್‌ಕಾರ್ಡ್ ಬರೆದದ್ದು, ಟೆಲ್ಕೋ ಜಾಹೀರಾತಿನಲ್ಲಿ ಹೆಂಗಸರು ಅರ್ಜಿ ಹಾಕಬೇಕಿಲ್ಲ ಅಂತ ಇತ್ತು ಎಂಬ ಕಾರಣಕ್ಕೇ ಅಲ್ಲವೇ? ಅಂಥ ಕಾಲದಲ್ಲಿ, ಕಾನೂನಿನ ಆಸರೆ ಇಲ್ಲದೆ ನಡೆದ ದಾರಿ ಇದು.

ಕಷ್ಟಪಟ್ಟರೆ ಎಲ್ಲ ಸಾಧ್ಯ ಅನ್ನುವ ಹಳೇ ಉಪದೇಶ ಮಾಡಲು ನಾನಿದನ್ನು ಬರೆಯುತ್ತಿಲ್ಲ. ಕಷ್ಟ ಪಟ್ಟ ನಿರಾಶ್ರಿತರು ಲಕ್ಷಾಂತರ ಜನ. ಇವರಿಗೆ ಎರಡು ಬಾಗಿಲು ತೆರೆದಿದ್ದವು: ಒಂದು ಸರ್ಕಾರಿ ಕಾಲೇಜಿನ ಸೀಟು, ಇನ್ನೊಂದು ಟ್ರೈನಿ ಕೆಲಸ. ಆ ಬಾಗಿಲುಗಳು ಮುಚ್ಚಿದ್ದಿದ್ದರೆ ಎಷ್ಟೇ ಬುದ್ಧಿ ಇದ್ದರೂ ಏನಾಗುತ್ತಿತ್ತು ಹೇಳಿ? ಅವರಿಗೆ ಇದು ಚೆನ್ನಾಗಿ ಗೊತ್ತಿತ್ತು ಅನಿಸುತ್ತೆ. ಅದಕ್ಕೇ ತಮ್ಮ ಹೆಸರಿನ ಫೌಂಡೇಶನ್ ಕಟ್ಟಿ, ಹಣದ ಅಡಚಣೆ ಇರುವ ಹೆಣ್ಣುಮಕ್ಕಳ ಓದಿಗೆ ವಿದ್ಯಾರ್ಥಿವೇತನ ಕೊಡುತ್ತಾ ಬಂದಿದ್ದಾರೆ.

ಇನ್ನೊಂದು ಮಾತು. ಅವರು ಪದವಿ ಪಡೆದ 1967ರಲ್ಲೇ ಸಿಂಧಿ ಭಾಷೆ ಸಂವಿಧಾನದ ಎಂಟನೇ ಪರಿಚ್ಛೇದ ಸೇರಿತು. ಹಾಗಿದ್ದರೂ ಭಾರತದಲ್ಲಿ ಸಿಂಧಿಗಳಿಗೆ ತಮ್ಮದು ಅನ್ನುವ ರಾಜ್ಯವಿಲ್ಲ. ನಮಗೆ? 1956ರಿಂದ ನಮ್ಮದೇ ನಾಡಿದೆ. ವಿಶ್ವೇಶ್ವರಯ್ಯನವರು 1917ರಲ್ಲಿ ಬೆಂಗಳೂರಿನಲ್ಲಿ ಶುರುಮಾಡಿದ ಇಂಜಿನಿಯರಿಂಗ್ ಕಾಲೇಜಿದೆ, ಜಿಲ್ಲೆಜಿಲ್ಲೆಗೂ ಸರ್ಕಾರಿ ಪಾಲಿಟೆಕ್ನಿಕ್ ಇದೆ. ಕೆಲಸ ಹೋದರೆ ಹೋಗಿ ಇಳಿಯಲು ನಮಗೊಂದು ಊರಿದೆ. ಗೆಳೆಯರ ಸಂಕಟ ದೊಡ್ಡದೇ, ಮಕ್ಕಳ ಫೀಸು, ಮನೆ ಬಾಡಿಗೆ ಎಲ್ಲ ನಿಜ. ಆದರೆ ನಾವು ನಿರಾಶ್ರಿತರಲ್ಲ. ಹಾಗಾಗಿ ನಮ್ಮ ಹೊಣೆ ಹೆಚ್ಚು.

ಒಂದು ತಪ್ಪೊಪ್ಪಿಗೆ. ಹೋದ ತಿಂಗಳು ನನ್ನ ತಂಡಕ್ಕೆ ಜನ ಆರಿಸುವಾಗ, ನಮ್ಮ ಕಡೆಯ ಸಣ್ಣ ಊರಿನ ಸರ್ಕಾರಿ ಕಾಲೇಜಿನ ಹುಡುಗಿಯೊಬ್ಬಳ ಅರ್ಜಿ ಬಂದಿತ್ತು. ಇಂಗ್ಲಿಷಿನಲ್ಲಿ ಎರಡು ತಪ್ಪು ಕಂಡವು, ಪಕ್ಕಕ್ಕಿಟ್ಟೆ. ಅವಳು ಬರೆದ ಕೋಡ್ ತೆರೆದು ಕೂಡ ನೋಡಲಿಲ್ಲ! ಕನ್ನಡ ಮೀಡಿಯಂನಲ್ಲಿ ಓದಿ ಬಂದ ನಾನೇ ಬಾಗಿಲು ಹಾಕಿದ್ದೆ. ಶನಿವಾರ ರಾತ್ರಿ ಅದನ್ನು ಮತ್ತೆ ತೆಗೆದು ಓದಿದೆ. ಆ ಜಾಗ ಆಗಲೇ ತುಂಬಿತ್ತು.

ಅದಕ್ಕೇ ಕೇಳುತ್ತಿದ್ದೇನೆ. ರಾಜ್ಯೋತ್ಸವಕ್ಕೆ ಹಾಲ್ ಬಾಡಿಗೆ, ಊಟ, ಕಲಾವಿದರ ಟಿಕೆಟ್ಟು ಅಂತ ದಿರ್ಹಮ್ ಕೂಡಿಸುತ್ತೇವೆ. ಕೂಡಿಸೋಣ, ಬೇಡ ಅನ್ನುವುದಿಲ್ಲ. ಅದರ ಜೊತೆಗೆ ಒಬ್ಬೊಬ್ಬರೂ ತಮ್ಮ ತಾಲ್ಲೂಕಿನ ಸರ್ಕಾರಿ ಕಾಲೇಜಿನ ಒಬ್ಬ ವಿದ್ಯಾರ್ಥಿನಿಗೆ ನೆರವಾಗಬಾರದೇ? ಫೀಸು ಕಟ್ಟಿದರೆ ಮುಗಿಯಲಿಲ್ಲ. ತಿಂಗಳಿಗೊಂದು ಗಂಟೆ ಕನ್ನಡದಲ್ಲೇ ಮಾತಾಡಿ, ಅರ್ಜಿ ತಿದ್ದಿಕೊಟ್ಟು, ಇಂಟರ್‌ವ್ಯೂ ಅಭ್ಯಾಸ ಮಾಡಿಸಬೇಕು. ನಾವು ಆರಿಸುವ ಕುರ್ಚಿಯಲ್ಲಿ ಕೂತಾಗ ಅಂಥವರ ಅರ್ಜಿಯನ್ನು ಪೂರ್ತಿ ಓದಬೇಕು.

ಆ ಹುಡುಗಿಗೆ ನಿನ್ನೆ ಮೇಲ್ ಬರೆದಿದ್ದೇನೆ, ಕನ್ನಡದಲ್ಲಿ. ಉತ್ತರಕ್ಕೆ ಕಾಯುತ್ತಿದ್ದೇನೆ.

ನೀವೇನಂತೀರಿ?

ಸಿರಿಗನ್ನಡಂ ಗೆಲ್ಗೆ!