ಲೆಕ್ಕ ಕೇಳುವ ಹಕ್ಕು

ಬೇಲಿಯೇ ಎದ್ದು ಹೊಲವನ್ನು ಮೇಯ್ದರೆ ಕಾಯುವವರಾರು? ಪ್ರಜಾಪ್ರಭುತ್ವದಲ್ಲಿ ಈ ಪ್ರಶ್ನೆಗೆ ಉತ್ತರವೊಂದೇ: ಹೊಲದ ಒಡೆಯರೇ ಕಾಯಬೇಕು. ಆ ಒಡೆಯರು ಪ್ರಜೆಗಳು. ಐದು ವರ್ಷಗಳಿಗೊಮ್ಮೆ ಮತ ನೀಡಿದ ಮಾತ್ರಕ್ಕೆ ಅವರ ಕರ್ತವ್ಯ ಮುಗಿಯುವುದಿಲ್ಲ. ಬಿತ್ತಿದವನು ಕೊಯ್ಲಿನ ದಿನದವರೆಗೆ ಹೊಲದತ್ತ ಸುಳಿಯದಿದ್ದರೆ ಅವನಿಗೆ ದಕ್ಕುವುದೇನು?

ಲೆಕ್ಕವನ್ನು ಪರಿಶೋಧಿಸಲು ಅಧಿಕಾರಿಗಳಿಲ್ಲವೆ ಎಂದು ಕೆಲವರು ಕೇಳಬಹುದು. ಇದ್ದಾರೆ, ಅವರ ಕಾರ್ಯವೂ ಹಿರಿದು. ಆದರೆ ಅವರು ಬಹುಮಟ್ಟಿಗೆ ನೋಡುವುದು ಕಾಗದಪತ್ರಗಳನ್ನು. ಒಂದು ಕಾಗದ ಮತ್ತೊಂದಕ್ಕೆ ಹೊಂದಿಕೊಂಡರೆ ಲೆಕ್ಕ ಸರಿಯೆನಿಸುತ್ತದೆ. ಕಾಗದದ ಮೇಲಿನ ಕೆರೆಯ ಏರಿ ನೆಲದ ಮೇಲೆಯೂ ಇದೆಯೆ ಎಂಬುದನ್ನು ಬಲ್ಲವರು ಆ ಊರಿನ ಜನ. ಅವರ ಅರಿವಿಗೆ ದನಿಯಾಗುವುದೇ ಕಾವಲು ಸಂಘಟನೆಗಳ ಕೆಲಸ.

ಇದಕ್ಕೆ ರಾಜಸ್ಥಾನದಲ್ಲಿ ಒಂದು ಉಜ್ಜ್ವಲ ನಿದರ್ಶನವುಂಟು. 1990ರಲ್ಲಿ ಅಲ್ಲಿ 'ಮಜ್ದೂರ್ ಕಿಸಾನ್ ಶಕ್ತಿ ಸಂಘಟನ್' ಎಂಬ ಕೂಲಿಕಾರ ರೈತರ ಸಂಘ ಹುಟ್ಟಿತು. ಭಾರತೀಯ ಆಡಳಿತ ಸೇವೆಯನ್ನು ತೊರೆದು ಬಂದಿದ್ದ ಅರುಣಾ ರಾಯ್, ಅವರೊಡನೆ ನಿಖಿಲ್ ಡೇ ಮತ್ತು ಶಂಕರ್ ಸಿಂಗ್ ಅದರ ಸ್ಥಾಪಕರಲ್ಲಿ ಪ್ರಮುಖರು. ಸರ್ಕಾರಿ ಕಾಮಗಾರಿಗಳಲ್ಲಿ ದುಡಿದವರಿಗೆ ಕನಿಷ್ಠ ಕೂಲಿಯೂ ದೊರೆಯುತ್ತಿರಲಿಲ್ಲ. ಕೇಳಿದರೆ, ಅಳತೆಯಷ್ಟು ಕೆಲಸವಾಗಿಲ್ಲವೆಂದು ಕಡತವನ್ನು ತೋರಿಸದೆಯೇ ಹೇಳುತ್ತಿದ್ದರು. ಕಡತವನ್ನು ಕೇಳಿದರೆ ಅದು ಗೋಪ್ಯವೆನ್ನುತ್ತಿದ್ದರು.

1994ರ ಡಿಸೆಂಬರಿನಲ್ಲಿ ಕೋಟ್ ಕಿರಾನಾ ಎಂಬ ಹಳ್ಳಿಯಲ್ಲಿ ಸಂಘವು ಮೊದಲ 'ಜನ ಸುನವಾಯಿ'ಯನ್ನು, ಅಂದರೆ ಬಹಿರಂಗ ವಿಚಾರಣೆಯನ್ನು ನಡೆಸಿತು. ಇಂತಹ ಸಭೆಗಳಲ್ಲಿ ಹಾಜರಿ ಪಟ್ಟಿಗಳನ್ನು ಊರಿನವರ ಮುಂದೆ ಗಟ್ಟಿಯಾಗಿ ಓದಲಾಯಿತು. ಕೆಲಸಕ್ಕೆ ಹೋಗದವರ ಹೆಸರಿನಲ್ಲಿಯೂ, ಸತ್ತವರ ಹೆಸರಿನಲ್ಲಿಯೂ ಹಣ ಸಂದಾಯವಾದುದು ಬಯಲಿಗೆ ಬಂದಿತು. 1996ರಲ್ಲಿ ಬ್ಯಾವರ್ ಪಟ್ಟಣದಲ್ಲಿ ಜನರು ನಲವತ್ತು ದಿನ ಧರಣಿ ಕುಳಿತರು. ಕರ್ನಾಟಕ ಮತ್ತು ರಾಜಸ್ಥಾನಗಳು 2000ದಲ್ಲಿ ಮಾಹಿತಿ ಹಕ್ಕಿನ ಕಾನೂನು ಮಾಡಿದವು. 2005ರಲ್ಲಿ ಅದು ರಾಷ್ಟ್ರದ ಕಾನೂನಾಯಿತು. ಕೇಳಿದ ಮಾಹಿತಿಯನ್ನು ಸಾಮಾನ್ಯವಾಗಿ 30 ದಿನಗಳೊಳಗೆ ಕೊಡಬೇಕೆಂದು ಅದು ವಿಧಿಸಿತು.

ಕಾನೂನು ಬಂದ ಮೇಲೆ ಸಂಘಟನೆಯ ಅಗತ್ಯವೇನು ಎನ್ನಬಾರದು. ಒಬ್ಬಂಟಿ ಕೂಲಿಕಾರನು ಇಂದು ಲೆಕ್ಕ ಕೇಳಿದರೆ ನಾಳಿನ ಕೂಲಿಯನ್ನೇ ಕಳೆದುಕೊಳ್ಳಬಹುದು. ಮಾಹಿತಿ ಕೇಳಿ ಪ್ರಾಣ ತೆತ್ತವರೂ ನಮ್ಮ ದೇಶದಲ್ಲುಂಟು. ನೂರು ಮಂದಿ ಒಟ್ಟಾಗಿ ಕೇಳಿದಾಗ ಆ ಭಯ ಕುಗ್ಗುತ್ತದೆ.

ಆದರೆ ಕಾವಲುಗಾರನ ಕೈಯೂ ಶುದ್ಧವಾಗಿರಬೇಕು. ಹಗೆ ಸಾಧಿಸಲು ಲೆಕ್ಕ ಕೇಳುವವರು, ಆಧಾರವಿಲ್ಲದೆ ದೂರುವವರು ಪ್ರಾಮಾಣಿಕ ಅಧಿಕಾರಿಯ ಉತ್ಸಾಹವನ್ನು ಕೊಲ್ಲುತ್ತಾರೆ. ಜನರ ನಂಬಿಕೆಯನ್ನೂ ಕೆಡಿಸುತ್ತಾರೆ. ರಾಜಸ್ಥಾನದ ಸಂಘವು ವಿದೇಶಿ ಧನವನ್ನು ನೆಚ್ಚದೆ ಜನರ ದೇಣಿಗೆಯಿಂದ ನಡೆಯಿತು. ಕಾರ್ಯಕರ್ತರು ಕನಿಷ್ಠ ಕೂಲಿಯಷ್ಟನ್ನೇ ಪಡೆದರು. ಅದರ ಮಾತಿಗೆ ತೂಕ ಬಂದುದು ಈ ನಡತೆಯಿಂದ.

ಲೆಕ್ಕ ಕೇಳುವುದು ಸರ್ಕಾರದ ಮೇಲಿನ ದ್ವೇಷವಲ್ಲ. ಅದನ್ನು ನಮ್ಮದೆಂದು ಭಾವಿಸುವ ಮಮತೆ. ವಿದ್ಯಾರ್ಥಿಗಳು ತಮ್ಮ ಊರಿನ ಗ್ರಾಮಸಭೆಯಲ್ಲಿ ಒಮ್ಮೆ ಕುಳಿತು, ಅಲ್ಲಿ ಯಾರು ಕೇಳುತ್ತಾರೆ, ಯಾರು ಸುಮ್ಮನಿರುತ್ತಾರೆ ಎಂಬುದನ್ನು ಗಮನಿಸಲಿ. ಪೌರನೀತಿಯ ಮೊದಲ ಪಾಠ ಅಲ್ಲಿಯೇ ದೊರೆಯುತ್ತದೆ.