ಒಂದು ದಿರ್ಹಮ್‌ನ ದೋಣಿ

ನಮ್ಮ ಬಿಳೇಕಹಳ್ಳಿಯ ಬೀದಿಯಲ್ಲಿ ದುಬೈ ದುಡಿಮೆಯಿಂದ ಎದ್ದ ಮನೆಯೊಂದಿದೆ. ಯಜಮಾನರು ಹದಿನೇಳು ವರ್ಷ ಅಲ್ಲಿ ದುಡಿದು ಮರಳಿ ಬಂದಿದ್ದಾರೆ. ಮೊನ್ನೆ ಅಲ್ಲಿಗೆ ಹೋಗಿದ್ದಾಗ ಅವರ ಮಗಳು ಶಾಲೆಯ ಪ್ರಬಂಧಕ್ಕೆಂದು ಕೇಳಿದಳು: "ಅಬ್ಬಾ, ದುಬೈಯಲ್ಲಿ ನೀವು ಏನೇನು ನೋಡಿದ್ರಿ?" ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ರೂಮು, ಕಂಪೆನಿ ಬಸ್ಸು, ಸೈಟು" ಎಂದರು. ನಾವೆಲ್ಲ ನಕ್ಕೆವು. ಅವರ ಪತ್ನಿ ಮಾತ್ರ ನಗಲಿಲ್ಲ.

ಆಮೇಲೆ ಅಡುಗೆಮನೆಯಲ್ಲಿ ಆಕೆ ಹೇಳಿದಳು: "ತಪ್ಪು ನನ್ನದೂ ಇದೆ ಆಪಾ. ರಜೆಯ ದಿನ ಅವರ ಫೋನ್ ಬಂದರೆ ಫೀಸು, ಕಂತು, ಸಿಮೆಂಟಿನ ಲೆಕ್ಕ, ಇಷ್ಟೇ ನನ್ನ ಮಾತು. ಒಮ್ಮೆ ಗೆಳೆಯರ ಜೊತೆ ಅಬುಧಾಬಿ ನೋಡಿ ಬಂದೆ ಅಂದರು. 'ಹಾಗಾದ್ರೆ ಕೈಯಲ್ಲಿ ದುಡ್ಡು ಓಡಾಡ್ತಿದೆ' ಅಂದುಬಿಟ್ಟೆ. ಮತ್ತೆ ಅವರು ಎಲ್ಲಿಗೂ ಹೋಗಲಿಲ್ಲ."

ಪ್ರಿಯ ಸಹೋದರಿಯರೇ, ಈ ಮಾತು ನಮ್ಮಲ್ಲಿ ಎಷ್ಟು ಮನೆಗಳದ್ದಲ್ಲ? ಗಂಡ, ಮಗ, ತಮ್ಮ ಕೊಲ್ಲಿಯಲ್ಲಿದ್ದಾರೆ. ವಾರವಿಡೀ ದುಡಿದು, ರಜೆಯಂದು ಬಟ್ಟೆ ಒಗೆದು, ಮಲಗಿ, ಸಂಜೆ ಊರಿಗೆ ಫೋನ್ ಮಾಡುತ್ತಾರೆ. ಸುತ್ತಾಡುವುದೆಂದರೆ ಮನೆಯವರ ಅನ್ನದಿಂದ ಕಿತ್ತುಕೊಂಡಂತೆ ಎಂಬ ಅಳುಕು ಅವರಿಗೆ. ಆ ಅಳುಕನ್ನು ಬೆಳೆಸಿದವರಲ್ಲಿ ನಾವೂ ಇದ್ದೇವೆ.

ಸುತ್ತಾಟಕ್ಕೆ ದೊಡ್ಡ ಹಣ ಬೇಕೆಂದೇನೂ ಇಲ್ಲ. ದುಬೈ ಖಾರಿಯಲ್ಲಿ ದೇರಾ ಕಡೆಯಿಂದ ಬರ್ ದುಬೈ ಕಡೆಗೆ ದಾಟಿಸುವ 'ಅಬ್ರಾ' ಎಂಬ ಮರದ ದೋಣಿಗೆ ಬಹಳ ವರ್ಷಗಳಿಂದ ಒಂದೇ ದಿರ್ಹಮ್. ನಮ್ಮ ಲೆಕ್ಕದಲ್ಲಿ ಇಪ್ಪತ್ತೈದು ರೂಪಾಯಿಯ ಆಸುಪಾಸು. ಈ ದಡದಲ್ಲಿ ಏಲಕ್ಕಿ, ಕೇಸರಿ, ಒಣಗಿದ ನಿಂಬೆ ಮಾರುವ ಸಂಬಾರ ಪೇಟೆ. ಆ ದಡದಲ್ಲಿ ಅಲ್ ಫಹೀದಿ ಎಂಬ ಹಳೆಯ ಬಡಾವಣೆ. ಅಲ್ಲಿನ ಮನೆಗಳನ್ನು ಸಮುದ್ರದ ಹವಳದ ಕಲ್ಲು, ಜಿಪ್ಸಮ್‌ನಿಂದ ಕಟ್ಟಿದ್ದಾರೆ. ಮೇಲೆ 'ಬಾರ್ಜೀಲ್' ಎಂಬ ಗಾಳಿಗೋಪುರ. ನಾಲ್ಕೂ ಕಡೆ ತೆರೆದಿರುವ ಅದು ಯಾವ ದಿಕ್ಕಿನಿಂದ ಗಾಳಿ ಬೀಸಿದರೂ ಹಿಡಿದು ಕೆಳಗಿನ ಕೋಣೆಗೆ ಇಳಿಸುತ್ತದೆ. ವಿದ್ಯುತ್ ಇಲ್ಲದ ಕಾಲದಲ್ಲಿ ಮರುಭೂಮಿಯ ಜನ ಸೆಕೆಯನ್ನು ಗೆದ್ದ ಬಗೆ ಇದು. ಅಬುಧಾಬಿಯಲ್ಲಿ 2007ರಲ್ಲಿ ತೆರೆದ ಶೇಖ್ ಝಾಯಿದ್ ಮಸೀದಿಗೆ ಪ್ರವೇಶ ಉಚಿತ. ಬಸ್ಸಿನ ಖರ್ಚೊಂದೇ.

ಸಮಯವೂ ಹಿಂದಿನಂತಿಲ್ಲ. 2022ರ ಜನವರಿಯಿಂದ ಯುಎಇಯ ಸರಕಾರಿ ಕಚೇರಿಗಳಿಗೆ ಶುಕ್ರವಾರ ಅರ್ಧ ದಿನ ಕೆಲಸ, ಶನಿವಾರ ಮತ್ತು ರವಿವಾರ ರಜೆ. ಶಾರ್ಜಾದ ಸರಕಾರಿ ನೌಕರರಿಗಂತೂ ಮೂರು ದಿನ. ಖಾಸಗಿ ಕಂಪೆನಿಗಳಲ್ಲಿ ಮಾತ್ರ ವಾರಕ್ಕೆ ಕನಿಷ್ಠ ಒಂದು ದಿನ ಎಂದಷ್ಟೇ ಕಾನೂನು ಹೇಳುತ್ತದೆ. ಊರಿನಿಂದ ದೂರದ ಕ್ಯಾಂಪುಗಳಲ್ಲಿ ಇರುವವರಿಗೆ ಆ ಒಂದು ದಿನ ನಿದ್ದೆಗೇ ಸಾಲದು. ಬೇಸಿಗೆಯ ಬಿಸಿಲಿನಲ್ಲಿ ಹೊರಗೆ ಕಾಲಿಡುವುದೂ ಕಷ್ಟ. ಆದ್ದರಿಂದ ಪ್ರತಿ ವಾರ ಬೇಡ. ನವೆಂಬರ್‌ನಿಂದ ಮಾರ್ಚ್‌ವರೆಗಿನ ತಂಪು ದಿನಗಳಲ್ಲಿ ತಿಂಗಳಿಗೊಮ್ಮೆ ಅರ್ಧ ದಿನ ಸಾಕು.

ಇದರಿಂದ ಏನು ಲಾಭ ಎಂದು ಕೇಳಬಹುದು. ಹದಿನೇಳು ವರ್ಷ ಎಂದರೆ ಒಬ್ಬ ಮನುಷ್ಯನ ಯೌವನ. ಅದು ಪೂರ್ತಿ ಮನೆಯ ಗೋಡೆಯಾಗಿ ಎದ್ದು ನಿಂತರೆ, ಮಕ್ಕಳಿಗೆ ಹೇಳಲು ಅವರ ಬಳಿ ಏನು ಉಳಿಯುತ್ತದೆ? ತಂದೆಯ ಪರದೇಶ ಮಕ್ಕಳಿಗೆ ಪೆಟ್ಟಿಗೆಯಲ್ಲಿ ಬರುವ ಚಾಕಲೇಟು ಮಾತ್ರ ಆಗಬಾರದು.

ಗಂಡನ ಜೊತೆ ಅಲ್ಲೇ ಫ್ಲ್ಯಾಟಿನಲ್ಲಿರುವ ಸಹೋದರಿಯರಿಗೂ ಒಂದು ಮಾತು. ಪ್ರತಿ ರಜೆಯೂ ಮಾಲ್‌ನಲ್ಲೇ ಕಳೆಯದಿರಲಿ. ಒಂದು ಸಂಜೆ ಮನೆಯ ಬಿರಿಯಾನಿಯ ಡಬ್ಬಿ ಕಟ್ಟಿಕೊಂಡು ಮಕ್ಕಳೊಂದಿಗೆ ಖಾರಿಯ ದಂಡೆಗೆ ಹೋಗಿ ಬನ್ನಿ.

ಇಲ್ಲಿರುವ ನಾವು ಮಾಡಬೇಕಾದದ್ದು ಸಣ್ಣ ಕೆಲಸ. ಈ ವಾರ ಅವರ ಫೋನ್ ಬಂದಾಗ ಕಂತಿನ ಮಾತನ್ನು ಐದು ನಿಮಿಷ ತಡೆದು, "ಎಲ್ಲಿಗಾದರೂ ಹೋಗಿ ಬಂದಿರಾ? ಏನು ನೋಡಿದಿರಿ?" ಎಂದು ಕೇಳಿ. ಉತ್ತರ ಕೇಳಲು ಮಕ್ಕಳನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ.

ಅಂದಹಾಗೆ, ಕಳೆದ ರವಿವಾರ ಆ ತಂದೆ ಮಗಳು ಬಸ್ಸು ಹತ್ತಿ ಬನ್ನೇರುಘಟ್ಟದ ಮೃಗಾಲಯಕ್ಕೆ ಹೋಗಿದ್ದರು. ಅದೇ ರಸ್ತೆಯಲ್ಲಿ ಮನೆ ಕಟ್ಟಿದ್ದರೂ ಅವರು ಅದನ್ನು ನೋಡಿದ್ದು ಇದೇ ಮೊದಲು.