ಬೆಳೆಗಾರನೂ ಪಾಲುದಾರ

ಉದ್ಯಮದಲ್ಲಿ ಹೆಸರು ಮಾಡಿದ ಮಹಿಳೆಯನ್ನು ಸನ್ಮಾನಿಸುವಾಗ ಮನೆ, ಸಮಾಜ ಎರಡನ್ನೂ ಸರಿದೂಗಿಸಿದರೆಂದು ಹೊಗಳಿ ಶಾಲು ಹೊದಿಸುವುದು ವಾಡಿಕೆ. ಜಮಾ-ಖರ್ಚಿನ ಮಾತನ್ನು ಯಾರೂ ಎತ್ತುವುದಿಲ್ಲ. ಬೆಳಗಾವಿಯ ವಿದ್ಯಾ ಮುರ್ಕುಂಬಿಯವರ ಜೀವನವನ್ನು ಹಾಗೆ ನೋಡಿದರೆ ಮುಖ್ಯ ಸಂಗತಿಯೇ ಕೈತಪ್ಪುತ್ತದೆ.

ಗೃಹಿಣಿಯಾಗಿದ್ದ ಅವರು ಮೊದಲು ಸರಕು ವಿತರಣೆಯ ಏಜೆನ್ಸಿ ನಡೆಸಿದರು. 1998ರಲ್ಲಿ ಮಗ ನರೇಂದ್ರರೊಡನೆ ಶ್ರೀ ರೇಣುಕಾ ಶುಗರ್ಸ್ ಕಟ್ಟಲು ಹೊರಟಾಗ, ಆಂಧ್ರದಲ್ಲಿ ಮಾರಾಟಕ್ಕಿದ್ದ ನಿಜಾಮ್ ಶುಗರ್ಸ್‌ನ ಒಂದು ಘಟಕವನ್ನು ಕೊಂಡು, ಯಂತ್ರಗಳನ್ನು ಸವದತ್ತಿ ತಾಲ್ಲೂಕಿನ ಮುನವಳ್ಳಿಗೆ ತಂದರು. ಕಬ್ಬು ಬೆಳೆಗಾರರಿಗೂ ಷೇರು ನೀಡಿದರು. ಈ ಬಂಡವಾಳ ಬ್ಯಾಂಕ್ ಸಾಲದಂತಲ್ಲ. ಕಬ್ಬು ತರುವವನೇ ಪಾಲುದಾರನಾದರೆ ಕಾರ್ಖಾನೆ ನಿಲ್ಲದಿರುವುದು ಅವನ ಹಿತವೂ ಆಗುತ್ತದೆ.

2010ರಲ್ಲಿ ಬ್ರೆಜಿಲ್‌ನ ಕಾರ್ಖಾನೆಗಳನ್ನು ಕೊಂಡ ಬಳಿಕ ಸಾಲದ ಹೊರೆ ಏರಿತು. 2018ರಲ್ಲಿ ಕಂಪನಿಯ ಹಿಡಿತ ಸಿಂಗಪುರದ ವಿಲ್ಮಾರ್‌ಗೆ ಹೋಯಿತು. ಇದನ್ನು ಮುಚ್ಚಿಡಬೇಕಿಲ್ಲ. ಮುನವಳ್ಳಿಯ ಹಣ ಕಣ್ಣೆದುರಿನ ಕಬ್ಬನ್ನು ನಂಬಿತ್ತು. ಬ್ರೆಜಿಲ್‌ಗೆ ಹೋದ ಹಣ ದೂರದ ಧಾರಣೆಯನ್ನೂ ವಿನಿಮಯ ದರವನ್ನೂ ನಂಬಬೇಕಾಯಿತು.

ಬೀದರ್, ಭಾಲ್ಕಿ, ಬಗದಲ್ ಕಡೆ ಬೆಲ್ಲದ ಗಾಣವನ್ನೋ ದಾಲ್ ಮಿಲ್ಲನ್ನೋ ಹಾಕಬಯಸುವ ಮಹಿಳೆ, ಬ್ಯಾಂಕಿಗೆ ಹೋಗುವ ಮುನ್ನ ಮಾಲು ಕೊಡುವ ರೈತರಲ್ಲಿ ಪಾಲು ಕೇಳಲಿ. ಹತ್ತು ಮಂದಿಯೂ ಮುಂದೆ ಬಾರದಿದ್ದರೆ ಯೋಜನೆಯ ಲೆಕ್ಕವನ್ನೇ ಮತ್ತೊಮ್ಮೆ ನೋಡಬೇಕು.